ಸದ್ದಿಲ್ಲದ ಸಿಲಿಂಡರ್

ಅಮೆರಿಕದ ಮಿನೆಸೋಟ ರಾಜ್ಯದ ಉತ್ತರ ಭಾಗದಲ್ಲಿ ಟವರ್ ಎಂಬ ಸಣ್ಣ ಊರಿದೆ. 1996ರ ಫೆಬ್ರುವರಿ 2ರಂದು ಅಲ್ಲಿನ ತಾಪಮಾನ ಮೈನಸ್ 51 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಆ ರಾಜ್ಯದ ಮಟ್ಟಿಗೆ ಅದು ದಾಖಲೆ. ಅಂಥ ಬೆಳಗ್ಗೆ ಯಾರಾದರೂ ಅಂಗಳದಲ್ಲಿದ್ದ ಪ್ರೊಪೇನ್ ಒಲೆಯನ್ನು ಹಚ್ಚಲು ಹೋಗಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಸಿಲಿಂಡರಿನ ವಾಲ್ವ್ ತೆರೆದರೂ, ಒಲೆಯ ನಾಬ್ ತಿರುವಿದರೂ ಬುಸ್ಸೆಂಬ ಸದ್ದಿಲ್ಲ, ಜ್ವಾಲೆಯಿಲ್ಲ. ಸಿಲಿಂಡರಿನಲ್ಲಿ ಗ್ಯಾಸ್ ತುಂಬಿದೆ, ಆದರೆ ಅದು ಹೊರಬರುವ ಗೋಜಿಗೇ ಹೋಗುವುದಿಲ್ಲ. ಅಷ್ಟು ಚಳಿಯಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಎಲ್ಲಾದರೂ ಸಂದು ಇದ್ದರೆ ಗ್ಯಾಸ್ ಹೊರಗೆ ಬರುವ ಬದಲು ಗಾಳಿಯೇ ಒಳಗೆ ಹೋದೀತು.

ಕಾರಣ ಸರಳ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಅದಕ್ಕಿಂತ ಕೆಳಗೆ ಅದು ತೆರೆದ ಪಾತ್ರೆಯಲ್ಲೂ ದ್ರವವಾಗಿಯೇ ಇರುತ್ತದೆ. ಅದಕ್ಕಿಂತ ಮೇಲೆ ಅದನ್ನು ದ್ರವವಾಗಿ ಹಿಡಿದಿಡಬೇಕೆಂದರೆ ಉಕ್ಕಿನ ಗೋಡೆ ಬೇಕು, ಆ ಗೋಡೆಗೆ ಎಷ್ಟು ಒತ್ತಡ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ತಾಪಮಾನವೊಂದೇ. ಸಿಲಿಂಡರ್ ಪೂರ್ತಿ ತುಂಬಿದೆಯೋ, ತಳದಲ್ಲಿ ಒಂದು ಲೋಟದಷ್ಟೇ ಉಳಿದಿದೆಯೋ ಅದಕ್ಕೆ ಲೆಕ್ಕವಿಲ್ಲ. ದ್ರವ ಒಂದಿಷ್ಟಾದರೂ ಇರುವ ತನಕ ಒತ್ತಡ ಅಷ್ಟೇ. ಬೆಂಗಳೂರಿನ ಹಿತವಾದ 25 ಡಿಗ್ರಿಯಲ್ಲಿ ಶುದ್ಧ ಪ್ರೊಪೇನಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 8.5 ಬಾರ್ ಹೆಚ್ಚು. ಸೊನ್ನೆ ಡಿಗ್ರಿಯಲ್ಲಿ ಅದು 3.7 ಬಾರ್‌ಗೆ ಇಳಿಯುತ್ತದೆ. ಮೈನಸ್ 20ರಲ್ಲಿ 1.4, ಮೈನಸ್ 30ರಲ್ಲಿ ಬರೀ 0.7. ಮೈನಸ್ 40ರ ಹೊತ್ತಿಗೆ ಇದೆಯೋ ಇಲ್ಲವೋ ಎಂಬಷ್ಟು. ಅಂದರೆ ಮೈನಸ್ 30ರ ಬಯಲಿನಿಂದ 25 ಡಿಗ್ರಿಯ ಕೋಣೆಗೆ ಬಂದ ಸಿಲಿಂಡರಿನ ಒತ್ತಡ ಹನ್ನೆರಡು ಪಟ್ಟು ಏರುತ್ತದೆ. ಹೊರಗಿನಿಂದ ನೋಡಿದರೆ ಅದೇ ಸಿಲಿಂಡರ್, ಅದೇ ತೂಕ.

ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನಿನ ಮಿಶ್ರಣ. ಬ್ಯುಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಆದ್ದರಿಂದ ನಮ್ಮ ಗ್ಯಾಸು ಪ್ರೊಪೇನಿಗಿಂತ ಬಹಳ ಮೊದಲೇ ಚಳಿಗೆ ಸೋಲುತ್ತದೆ. ಕರ್ನಾಟಕದಲ್ಲಿ ಅದರ ಪರಿಚಯ ನಮಗೆ ಆಗುವುದು ಹೋಟೆಲಿನ ಹಿತ್ತಲಲ್ಲಿ. ದೊಡ್ಡ ಬರ್ನರುಗಳು ಒಂದೇ ಸಮನೆ ಉರಿಯುತ್ತಿದ್ದರೆ ಸಿಲಿಂಡರಿನ ಕೆಳಭಾಗ ಬೆವರುತ್ತದೆ, ಚಳಿಗಾಲದ ಬೆಳಗ್ಗೆ ಮಂಜುಗಟ್ಟಿ ಬೆಳ್ಳಗಾಗುವುದೂ ಉಂಟು, ಉರಿ ಸಣ್ಣಗಾಗುತ್ತದೆ. ದ್ರವ ಅನಿಲವಾಗಲು ಶಾಖ ಬೇಕು. ಆ ಶಾಖವನ್ನು ಅದು ತನ್ನ ಮೈಯಿಂದಲೇ ಕಿತ್ತುಕೊಳ್ಳುತ್ತದೆ, ಹೀಗೆ ತನ್ನನ್ನು ತಾನೇ ತಣಿಸಿಕೊಂಡು ಮಂಕಾಗುತ್ತದೆ. ಆದರೆ ನಮ್ಮಲ್ಲಿ ಇದು ಅಡುಗೆಭಟ್ಟರ ತಲೆನೋವಾಗಿ ಅಲ್ಲಿಗೇ ಮುಗಿಯುತ್ತದೆ. ಉತ್ತರ ಅಮೆರಿಕದ ಚಳಿನಾಡಿನಲ್ಲಿ ಜನ ಈ ಸಿಲಿಂಡರನ್ನು ಕಾರಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಚಳಿಗೂ ಸುರಕ್ಷತೆಗೂ ನಡುವೆ ಇರುವ ಸಂಬಂಧ ನಾವು ಊಹಿಸುವುದಕ್ಕೆ ಬಹುಪಾಲು ತಿರುಗುಮುರುಗು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮನೆಗೆ ಗ್ಯಾಸಿನ ಹುಡುಗ ಸಿಲಿಂಡರ್ ಹೊತ್ತು ತರುವ ಪದ್ಧತಿ ಅಲ್ಲಿ ಸಾಮಾನ್ಯವಲ್ಲ. ಗ್ರಿಲ್‌ಗೆ, ಅಂಗಳದ ಹೀಟರಿಗೆ, ಮೀನು ಹುರಿಯುವ ಬರ್ನರಿಗೆ ಬೇಕಾದ 20 ಪೌಂಡಿನ, ಅಂದರೆ ಸುಮಾರು 9 ಕೆ.ಜಿ.ಯ ಸಿಲಿಂಡರನ್ನು ನೀವೇ ಒಯ್ಯಬೇಕು, ತುಂಬಿಸಬೇಕು, ಇಲ್ಲವೇ ಅಂಗಡಿಯ ಹೊರಗಿನ ಕಬ್ಬಿಣದ ಪಂಜರದಲ್ಲಿಟ್ಟ ತುಂಬಿದ ಸಿಲಿಂಡರಿಗೆ ಬದಲಾಯಿಸಿಕೊಂಡು ಬರಬೇಕು. ಮಿನೆಸೋಟದಲ್ಲಂತೂ ಚಳಿಗಾಲವೇ ಸಿಲಿಂಡರಿನ ಹಂಗಾಮು. ಕೆರೆಗಳು ಹೆಪ್ಪುಗಟ್ಟುತ್ತವೆ, ಜನ ಆ ಹಿಮದ ಹಾಸಿನ ಮೇಲೆ ಗುಡಿಸಲು ಹೂಡಿ, ತೂತು ಕೊರೆದು, ಗಾಳ ಇಳಿಬಿಟ್ಟು ಕೂರುತ್ತಾರೆ. ಗುಡಿಸಲು ಬೆಚ್ಚಗಿಡಲು ಪ್ರೊಪೇನ್, ಹಿಡಿದ ಮೀನು ಹುರಿಯಲು ಪ್ರೊಪೇನ್. ಇದಕ್ಕೆ ಹೆಸರಾದ ಮಿಲ್ ಲ್ಯಾಕ್ಸ್ ಸರೋವರ ಮಿನಿಯಾಪೊಲಿಸ್‌ನಿಂದ ಸುಮಾರು 160 ಕಿಲೋಮೀಟರು, ಎರಡು ತಾಸಿನ ದಾರಿ.

ಸಂಜೆ ಗುಡಿಸಲು ಬಿಚ್ಚುವ ಹೊತ್ತು. ಮೈನಸ್ 30. ಬರ್ನರ್ ತಾನಾಗಿಯೇ ಸಣ್ಣಗಾಗಿ ಆರಿಹೋಗಿದೆ. ನಾಬನ್ನು ಅತ್ತ ತಿರುವಿದರೂ ಇತ್ತ ತಿರುವಿದರೂ ಸದ್ದಿಲ್ಲ. ‘ಖಾಲಿಯಾಯಿತು’ ಎಂದುಕೊಂಡು, ಬರ್ನರನ್ನು ಬಿಚ್ಚದೆ, ಸಿಲಿಂಡರಿನ ಸಮೇತ ವ್ಯಾನಿನ ಹಿಂದೆ ತುರುಕುತ್ತಾರೆ. ಬೆರಳು ಮರಗಟ್ಟಿರುವಾಗ ಯಾರಿಗೆ ಬೇಕು ಬಿಚ್ಚುವ ಕೆಲಸ! ಈ ಒಂದು ಚಿತ್ರದಲ್ಲಿ ಅಪಾಯದ ಎಲ್ಲ ಸಾಮಗ್ರಿಯೂ ಇದೆ. ಸಿಲಿಂಡರ್ ಖಾಲಿಯಾಗಿರಲಿಕ್ಕಿಲ್ಲ. ಅದು ಉರಿಯುತ್ತ ಉರಿಯುತ್ತ ಸುತ್ತಲಿನ ಚಳಿಗಿಂತಲೂ ತಣ್ಣಗಾಗಿ, ಒತ್ತಡ ಕಳೆದುಕೊಂಡು ಸುಮ್ಮನಾಗಿರುತ್ತದೆ ಅಷ್ಟೆ. ವಾಲ್ವೂ ನಾಬೂ ಮುಚ್ಚಿವೆಯೋ ತೆರೆದಿವೆಯೋ ನೋಡಿದವರಿಲ್ಲ. ಇನ್ನು ವ್ಯಾನಿನ ಹೀಟರು 20 ಡಿಗ್ರಿಗೆ ಉರಿಯಲು ಶುರುವಾಗುತ್ತದೆ.

ಸಿಲಿಂಡರ್ ಎಷ್ಟು ಬೇಗ ಬೆಚ್ಚಗಾಗುತ್ತದೆ ಎಂದು ಕಾಗದದ ಮೇಲೆ ಅಂದಾಜು ಮಾಡಬಹುದು. 9 ಕೆ.ಜಿ. ದ್ರವ, ಏಳೆಂಟು ಕೆ.ಜಿ. ಉಕ್ಕು, ಅರ್ಧ ಚದರ ಮೀಟರಿಗೆ ಸ್ವಲ್ಪ ಕಡಿಮೆ ಹೊರಮೈ, ಸುತ್ತ ನಿಧಾನ ಗಾಳಿ. ಲೆಕ್ಕ ಹಾಕಿದರೆ ತುಂಬಿದ ಸಿಲಿಂಡರಿಗೆ ತನ್ನ ಮತ್ತು ಕಾರಿನ ನಡುವಿನ ತಾಪಮಾನದ ಅಂತರದಲ್ಲಿ ಮೂರನೇ ಎರಡು ಭಾಗದಷ್ಟನ್ನು ದಾಟಲು ಸುಮಾರು ಎರಡು ತಾಸು ಬೇಕು. ಸರೋವರದಿಂದ ಮನೆಗೆ ಬರುವಷ್ಟರಲ್ಲಿ ಮೈನಸ್ 30ರಿಂದ ಸೊನ್ನೆಯ ಆಸುಪಾಸಿಗೆ, 0.7 ಬಾರಿನಿಂದ 3.7 ಬಾರಿಗೆ. ಸಿಲಿಂಡರ್ ತುಂಬಿಸಿಕೊಂಡ ಪಕ್ಕದ ಪೆಟ್ರೋಲ್ ಬಂಕಿನಿಂದ ಹದಿನೈದು ನಿಮಿಷದ ದಾರಿಯಾದರೆ ಅದು ಬಹುತೇಕ ತಣ್ಣಗೇ ಮನೆ ಸೇರುತ್ತದೆ. ಆದರೆ ಈ ಲೆಕ್ಕಕ್ಕೆ ಒಂದು ವಿಚಿತ್ರ ತಿರುವಿದೆ. ತಳದಲ್ಲಿ ಒಂದೇ ಕೆ.ಜಿ. ಉಳಿದಿದ್ದರೆ ಬೆಚ್ಚಗಾಗಬೇಕಾದ ಸರಕು ಕಡಿಮೆ, ಕಾಲವೂ ಕಡಿಮೆ: ಅರ್ಧ ತಾಸು ಸಾಕು. ‘ಖಾಲಿ’ ಸಿಲಿಂಡರ್ ತುಂಬಿದ ಸಿಲಿಂಡರಿಗಿಂತ ನಾಲ್ಕು ಪಟ್ಟು ಬೇಗ ಎಚ್ಚರಗೊಳ್ಳುತ್ತದೆ! ಜನ ಎಚ್ಚರ ತಪ್ಪುವುದೂ ಅದರ ವಿಷಯದಲ್ಲೇ.

ಎಷ್ಟು ಸೋರಿದರೆ ಅಪಾಯ? ಮಾಮೂಲಿ ಕಾರಿನ ಒಳಗಿನ ಜಾಗ ಸುಮಾರು 3 ಘನ ಮೀಟರು ಎನ್ನೋಣ. ಪ್ರೊಪೇನ್ ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 2.1ರಿಂದ 9.5ರ ನಡುವೆ ಇರಬೇಕು. 3 ಘನ ಮೀಟರಿನಲ್ಲಿ ಶೇಕಡ 2.1 ಎಂದರೆ ಅರವತ್ತು ಚಿಲ್ಲರೆ ಲೀಟರ್ ಅನಿಲ. ತೂಕದಲ್ಲಿ ಹೇಳಬೇಕೆಂದರೆ ಸುಮಾರು 115 ಗ್ರಾಂ, ದ್ರವರೂಪದಲ್ಲಾದರೆ ಕಾಲು ಲೀಟರಿಗಿಂತ ಕಡಿಮೆ. ಒಂಬತ್ತು ಕೆ.ಜಿ.ಯ ಸಿಲಿಂಡರಿನಲ್ಲಿ ಅಂಥ 115 ಗ್ರಾಂಗಳು ಎಪ್ಪತ್ತೆಂಟು ಇವೆ. ಅದೂ ಇಡೀ ಕಾರಿನಲ್ಲಿ ಸಮನಾಗಿ ಬೆರೆತರೆ ಎಂಬ ಲೆಕ್ಕ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಅದು ಸಮನಾಗಿ ಬೆರೆಯುವ ಮೊದಲು ಕಾಲ ಬುಡದಲ್ಲಿ, ಸೀಟಿನ ಕೆಳಗೆ, ಡಿಕ್ಕಿಯ ತಗ್ಗಿನಲ್ಲಿ ಮಡುಗಟ್ಟುತ್ತದೆ. ಸೀಟಿನ ಮೋಟಾರು, ವೈರುಗಳ ಸಂದಿ, ಸ್ವಿಚ್ಚು ಇರುವುದೂ ಅಲ್ಲಿಯೇ. ಬಾಗಿಲು ತೆರೆದಾಗ ದೀಪ ಹೊತ್ತಿಸುವ ಕಿಡಿ ಸಾಕು. ಸಿಗರೇಟು ಬೇಕೇಬೇಕೆಂದಿಲ್ಲ.

ಭಾರವಾದ ಈ ಅನಿಲ ನೆಲಕ್ಕಂಟಿಕೊಂಡು ಹರಡಿದರೆ ಏನಾಗುತ್ತದೆ ಎಂಬುದು ದಕ್ಷಿಣ ಕನ್ನಡದವರಿಗೆ ಹೇಳಬೇಕಾಗಿಲ್ಲ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಹೊತ್ತಿಕೊಂಡಾಗ ಬೆಂಕಿ ರಸ್ತೆಯಲ್ಲೇ ನಿಲ್ಲಲಿಲ್ಲ, ಪಕ್ಕದ ಮನೆಗಳಲ್ಲಿದ್ದವರನ್ನೂ ಬಲಿ ತೆಗೆದುಕೊಂಡಿತು.

ಸೋರಿದರೆ ವಾಸನೆ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಆದರೆ ಚಳಿ ಅಲ್ಲಿಯೂ ಕೈ ಹಾಕುತ್ತದೆ. ಪ್ರೊಪೇನಿಗೆ ತನ್ನದೇ ವಾಸನೆ ಎಂಬುದು ಇಲ್ಲವೆಂದೇ ಹೇಳಬೇಕು. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ, ಸ್ಫೋಟಗೊಂಡು, ಸುಮಾರು 300 ಜನ ಸತ್ತರು. ಬಹುಪಾಲು ಮಕ್ಕಳು. ಅನಿಲಕ್ಕೆ ದುರ್ವಾಸನೆ ಬೆರೆಸಲೇಬೇಕೆಂಬ ಕಾನೂನು ಬಂದದ್ದು ಅದರ ನಂತರ. ಪ್ರೊಪೇನಿಗೆ ಸಾಮಾನ್ಯವಾಗಿ ಬೆರೆಸುವುದು ಈಥೈಲ್ ಮರ್ಕ್ಯಾಪ್ಟನ್. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಭಾಗಕ್ಕೆ ಬರುವ ಮೊದಲೇ ಮೂಗಿಗೆ ತಿಳಿಯಬೇಕು ಎಂಬುದು ನಿಯಮ. ಆದರೆ ಈ ಮರ್ಕ್ಯಾಪ್ಟನ್ ಕುದಿಯುವುದು 35 ಡಿಗ್ರಿಯಲ್ಲಿ, ಪ್ರೊಪೇನಿಗಿಂತ 77 ಡಿಗ್ರಿ ಮೇಲೆ. ಚಳಿ ಹೆಚ್ಚಿದಷ್ಟೂ ಅದು ಪ್ರೊಪೇನಿನ ಜೊತೆ ಮೇಲೇಳಲು ಹಿಂಜರಿಯುತ್ತದೆ, ದ್ರವದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ತಣ್ಣನೆಯ ಸಿಲಿಂಡರಿನಿಂದ ಸೋರುವ ಅನಿಲದಲ್ಲಿ ವಾಸನೆಯ ಪಾಲು ಕಡಿಮೆ. ಹೊಸ ಸಿಲಿಂಡರಾದರೆ ಒಳಗಿನ ಉಕ್ಕಿನ ತುಕ್ಕು ಕೂಡ ಮರ್ಕ್ಯಾಪ್ಟನ್ನನ್ನು ತಿಂದುಹಾಕುತ್ತದೆ. ಇದರ ಮೇಲೆ ಚಾಲಕನಿಗೆ ನೆಗಡಿ! ಮತ್ತೆ ಅದೇ ವಾಸನೆಯಲ್ಲಿ ಕೆಲ ನಿಮಿಷ ಕೂತರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಮೂಗನ್ನು ನಂಬಬಾರದೆಂದಲ್ಲ, ಮೂಗೊಂದನ್ನೇ ನಂಬಿ ಕಿಟಕಿ ಮುಚ್ಚಬಾರದು.

ಇಷ್ಟು ಸೋರಿಕೆಯ ಮಾತಾಯಿತು. ಸಿಲಿಂಡರಿನಲ್ಲಿ ಯಾವ ದೋಷವೂ ಇಲ್ಲದೆ, ಬರೀ ತುಂಬಿಸಿದ ರೀತಿಯಿಂದ ಬರುವ ಇನ್ನೊಂದು ತೊಂದರೆಯಿದೆ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಕುತೂಹಲಕರ ಅನ್ನಿಸುವುದು ಇದೇ.

ದ್ರವ ಪ್ರೊಪೇನ್ ಬಿಸಿಗೆ ಹಿಗ್ಗುವ ಪರಿ ನೀರನ್ನು ಮಾತ್ರ ಕಂಡವರಿಗೆ ನಂಬಲಾಗದಂಥದ್ದು. 4 ಡಿಗ್ರಿಯಿಂದ 40 ಡಿಗ್ರಿಗೆ ನೀರು ಹಿಗ್ಗುವುದು ಶೇಕಡ ಒಂದಕ್ಕೂ ಕಡಿಮೆ. ಮೈನಸ್ 30ರಿಂದ 40ಕ್ಕೆ ಏರುವಾಗ ಪ್ರೊಪೇನ್ ಶೇಕಡ 21ರಷ್ಟು ಹಿಗ್ಗುತ್ತದೆ. ಹಾಲಿನ ಪಾತ್ರೆಯನ್ನು ಕಂಠಮಟ್ಟ ತುಂಬಿ ಒಲೆಗಿಡುವವರು ಯಾರೂ ಇಲ್ಲ. ಸಿಲಿಂಡರಿನಲ್ಲೂ ಅದಕ್ಕೇ ಐದನೇ ಒಂದು ಭಾಗ ಬಿಟ್ಟು ತುಂಬಿಸುತ್ತಾರೆ. ‘ಶೇಕಡ 80ರ ನಿಯಮ’ ಎಂದು ಆ ದೇಶದಲ್ಲಿ ಎಲ್ಲರ ಬಾಯಲ್ಲೂ ಇರುವುದು ಇದು. ಆದರೆ ಈ 80 ಎಂಬುದು 15 ಡಿಗ್ರಿಯ ಸುತ್ತಮುತ್ತಲ ಹವೆಗೆ ಹೊಂದಿಸಿದ ಸಂಖ್ಯೆ. ಚಳಿಯಲ್ಲಿ ದ್ರವ ಕುಗ್ಗಿ ದಟ್ಟವಾಗಿರುತ್ತದೆ. ಹಾಗಾಗಿ ಅದೇ ಗೆರೆಯವರೆಗೆ ತುಂಬಿದರೆ ಹೆಚ್ಚು ಪ್ರೊಪೇನ್ ಒಳಹೋಗುತ್ತದೆ. 20 ಪೌಂಡಿನ ಸಿಲಿಂಡರಿನ ಒಟ್ಟು ಜಾಗ ಸುಮಾರು 21.6 ಲೀಟರ್. ಮೈನಸ್ 30ರಲ್ಲಿ ಅದರ ಶೇಕಡ 80 ತುಂಬಿದರೆ 9.8 ಕೆ.ಜಿ. ಆಗುತ್ತದೆ, ಇರಬೇಕಾದ್ದಕ್ಕಿಂತ ಮುಕ್ಕಾಲು ಕೆ.ಜಿ. ಹೆಚ್ಚು. ತಕ್ಕಡಿಯ ಮೇಲಿಟ್ಟು 9 ಕೆ.ಜಿ.ಗೆ ನಿಲ್ಲಿಸಿದರೆ ಅದೇ ಚಳಿಯಲ್ಲಿ ದ್ರವ ಶೇಕಡ 74ರಲ್ಲೇ ನಿಂತಿರುತ್ತದೆ. ಗೆರೆ ಮೋಸ ಮಾಡಬಹುದು, ತೂಕ ಮಾಡುವುದಿಲ್ಲ. ತುಂಬಿಸುವವನು ತಕ್ಕಡಿ ಬಳಸುವ ಅಂಗಡಿಯನ್ನೇ ಹುಡುಕಿಕೊಂಡು ಹೋಗುವ ಜಾಣರು ಅಲ್ಲಿ ಇದ್ದಾರೆ.

ಮುಕ್ಕಾಲು ಕೆ.ಜಿ. ಹೆಚ್ಚಾದರೆ ಚಳಿಗಾಲದಲ್ಲೇನೂ ಆಗುವುದಿಲ್ಲ. ಆ ಸಿಲಿಂಡರಿನಲ್ಲಿ ದ್ರವ ಹಿಗ್ಗಿ ಗೋಡೆಯಿಂದ ಗೋಡೆಗೆ ತುಂಬಬೇಕಾದರೆ ಸುಮಾರು 48 ಡಿಗ್ರಿ ಬೇಕು. ಬೇಸಿಗೆಯ ಬಿಸಿಲಲ್ಲಿ ನಿಲ್ಲಿಸಿದ ಕಾರು ಆ ಮಟ್ಟ ಮುಟ್ಟುತ್ತದೆ, ಜನವರಿಯ ಕಾರು ಮುಟ್ಟುವುದಿಲ್ಲ. ಆದರೆ ತುಂಬಿಸುವಾತ ಉದಾರಿಯಾಗಿ ಶೇಕಡ 95ಕ್ಕೆ ತುಂಬಿಸಿಬಿಟ್ಟ ಎನ್ನಿ. ಆಗ ಸಿಲಿಂಡರ್ ತುಂಬಿ ತುಳುಕುವುದು ಮೈನಸ್ 8ರ ಆಸುಪಾಸಿನಲ್ಲಿ! ಹೀಟರ್ ಹಾಕಿದ ಕಾರಿನಲ್ಲಿ ಒಂದು ತಾಸು ಸಾಕು. ಒಳಗೆ ಅನಿಲದ ಜಾಗ ಮುಗಿದ ಮೇಲೆ ಹಿಗ್ಗುವ ದ್ರವಕ್ಕೆ ಹೋಗಲು ದಾರಿಯಿಲ್ಲ, ಒಂದೊಂದು ಡಿಗ್ರಿಗೂ ಒತ್ತಡ ಹಲವು ಬಾರ್ ಏರುತ್ತದೆ.

ಹೀಗೆ ಆದಾಗ ಸಿಲಿಂಡರ್ ಒಡೆಯದಿರಲೆಂದೇ ತಲೆಯ ಮೇಲೆ ಒತ್ತಡ ಬಿಡುಗಡೆ ವಾಲ್ವ್ ಇರುತ್ತದೆ. ಸುಮಾರು 26 ಬಾರಿಗೆ ಅದು ತೆರೆದುಕೊಂಡು ಹೆಚ್ಚಾದದ್ದನ್ನು ಹೊರಗೆ ಉಗುಳುತ್ತದೆ. ಬಯಲಿನಲ್ಲಾದರೆ ಇದು ಪ್ರಾಣರಕ್ಷಕ. ಕಿಟಕಿ ಮುಚ್ಚಿದ ಕಾರಿನಲ್ಲಿ ಅದೇ ರಕ್ಷಕ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿ ನಿಮ್ಮನ್ನು ಕೊಲ್ಲಬಲ್ಲದು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು ಎಂಬ ನಿಯಮದ ಹಿಂದಿರುವುದೂ ಈ ವಾಲ್ವೇ. ನೆಟ್ಟಗಿದ್ದರೆ ವಾಲ್ವಿನ ಬಾಯಿ ಅನಿಲದಲ್ಲಿರುತ್ತದೆ. ಮಲಗಿಸಿದರೆ ದ್ರವದಲ್ಲಿ ಮುಳುಗುತ್ತದೆ, ಆಗ ಹೊರಬರುವುದು ದ್ರವ. ಒಂದು ಲೀಟರ್ ದ್ರವ ಸುಮಾರು 270 ಲೀಟರ್ ಅನಿಲವಾಗುತ್ತದೆ.

ಅತಿಯಾಗಿ ತುಂಬಿಸಿ ರಸ್ತೆಗೆ ಇಳಿಯುವುದರ ದೊಡ್ಡ ಪಾಠ ಕಲಿಸಿದ್ದು ಸ್ಪೇನ್. 1978ರ ಜುಲೈ 11ರಂದು ಪ್ರೊಪೇನಿನ ಹತ್ತಿರದ ಬಂಧು ಪ್ರೊಪಿಲೀನನ್ನು ಹೊತ್ತ ಟ್ಯಾಂಕರೊಂದು ಲಾಸ್ ಅಲ್ಫಾಕೆಸ್ ಎಂಬ ಕಡಲತೀರದ ಶಿಬಿರದ ಪಕ್ಕ ಸಿಡಿಯಿತು. 200ಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಆ ಟ್ಯಾಂಕಿಗೆ ಮಿತಿಗಿಂತ ನಾಲ್ಕು ಟನ್ನಿನಷ್ಟು ಹೆಚ್ಚು ತುಂಬಿಸಲಾಗಿತ್ತು, ಒತ್ತಡ ಬಿಡುಗಡೆ ವಾಲ್ವ್ ಇರಲಿಲ್ಲ. ಸಣ್ಣ ಸಿಲಿಂಡರುಗಳಿಗೆ ಅಮೆರಿಕದಲ್ಲಿ ಇನ್ನೊಂದು ಕಾವಲು ಬಂದದ್ದು 1998ರಲ್ಲಿ. 4ರಿಂದ 40 ಪೌಂಡಿನ ಸಿಲಿಂಡರುಗಳ ವಾಲ್ವಿನ ಬುಡದಲ್ಲಿ ಒಂದು ತೇಲು ಇರುತ್ತದೆ, ದ್ರವ ಶೇಕಡ 80ಕ್ಕೆ ಬಂದಾಗ ಅದು ಮೇಲೆದ್ದು ಒಳದಾರಿಯನ್ನು ಮುಚ್ಚುತ್ತದೆ. ತ್ರಿಕೋನಾಕಾರದ ಹಿಡಿ ಇದ್ದರೆ ಆ ತೇಲು ಇದೆ ಎಂದು ತಿಳಿಯಬಹುದು. 2002ರ ಏಪ್ರಿಲ್ 1ರಿಂದ ತೇಲಿಲ್ಲದ ಹಳೆಯ ಸಿಲಿಂಡರುಗಳನ್ನು ಮತ್ತೆ ತುಂಬಿಸುವಂತಿಲ್ಲ ಎಂದಾಯಿತು. ಒಳ್ಳೆಯ ಉಪಾಯವೇ. ಆದರೆ ತೇಲಿಗೆ ಗೊತ್ತಿರುವುದು ಮಟ್ಟ ಮಾತ್ರ, ತೂಕವಲ್ಲ. ಚಳಿಯ ಆ ಮುಕ್ಕಾಲು ಕೆ.ಜಿ. ಅದರ ಕಣ್ಣು ತಪ್ಪಿಸಿ ಒಳಗೆ ಹೋಗುತ್ತದೆ. ಕಟ್ಟಡ ಕೆಲಸದವರು ಒಯ್ಯುವ 100 ಪೌಂಡಿನ ಎತ್ತರದ ಸಿಲಿಂಡರಿಗೆ ಈ ನಿಯಮ ಅನ್ವಯಿಸುವುದೂ ಇಲ್ಲ, ಪಿಕಪ್ ಟ್ರಕ್ಕಿನಲ್ಲಿ ಮಲಗಿಸಿ ಒಯ್ಯುವ ಚಾಳಿ ಹೆಚ್ಚಿರುವುದೂ ಅದರ ವಿಷಯದಲ್ಲೇ.

ತಮಾಷೆಯೆಂದರೆ ಪ್ರೊಪೇನ್ ಬಳಕೆಗೆ ಬಂದ ಕಥೆಯೂ ವಾಹನದ ಸುತ್ತಲೇ ಸುತ್ತುತ್ತದೆ. 1864ರಲ್ಲಿ ಎಡ್ಮಂಡ್ ರೊನಾಲ್ಡ್ಸ್ ಪೆನ್ಸಿಲ್ವೇನಿಯದ ಕಚ್ಚಾತೈಲದಲ್ಲಿ ಇದನ್ನು ಗುರುತಿಸಿದ್ದರೂ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. 1910ರ ಸುಮಾರಿಗೆ ಪಿಟ್ಸ್‌ಬರ್ಗಿನಲ್ಲಿ ಒಬ್ಬ ಕಾರು ಮಾಲೀಕ, ಕೊಂಡ ಗ್ಯಾಲನ್ ಪೆಟ್ರೋಲು ಮನೆ ಮುಟ್ಟುವಷ್ಟರಲ್ಲಿ ಅರ್ಧವಾಗುತ್ತದೆ, ಇದೇನು ಮೋಸ ಎಂದು ಸರ್ಕಾರದ ರಸಾಯನಶಾಸ್ತ್ರಜ್ಞ ವಾಲ್ಟರ್ ಸ್ನೆಲಿಂಗ್ ಅವರಲ್ಲಿಗೆ ಹೋಗಿ ಜಗಳವಾಡಿದ ಎಂದು ಈ ಉದ್ಯಮದವರು ಇಂದಿಗೂ ಕಥೆ ಹೇಳುತ್ತಾರೆ. ಕಥೆಗೆ ಸ್ವಲ್ಪ ಮಸಾಲೆ ಬಿದ್ದಿರಬಹುದು. ಸ್ನೆಲಿಂಗ್ ಆ ಕಾಲದ ಪೆಟ್ರೋಲಿನಿಂದ ಪ್ರೊಪೇನನ್ನು ಬೇರ್ಪಡಿಸಿದ್ದು, 1913ರಲ್ಲಿ ಪೇಟೆಂಟ್ ಪಡೆದದ್ದು, ಅದನ್ನು ತೈಲೋದ್ಯಮಿ ಫ್ರಾಂಕ್ ಫಿಲಿಪ್ಸ್‌ಗೆ 50,000 ಡಾಲರಿಗೆ ಮಾರಿದ್ದು ಮಾತ್ರ ನಿಜ.

ಹಾಗಾದರೆ ಚಳಿಯಲ್ಲಿ ಸಿಲಿಂಡರನ್ನು ಒಯ್ಯುವುದು ಹೇಗೆ? ತೆರೆದ ಪಿಕಪ್ ಇದ್ದರೆ ಅದರ ಹಿಂಭಾಗಕ್ಕಿಂತ ಒಳ್ಳೆಯ ಜಾಗವಿಲ್ಲ: ಸೋರಿದರೂ ಗಾಳಿ ಒಯ್ಯುತ್ತದೆ, ಸಿಲಿಂಡರ್ ತಣ್ಣಗೇ ಇರುತ್ತದೆ. ಕಾರೇ ಗತಿಯೆಂದರೆ ನೆಟ್ಟಗೆ ನಿಲ್ಲಿಸಿ, ಉರುಳದಂತೆ ಬಿಗಿಯಬೇಕು. ಹಾಲಿನ ಪ್ಯಾಕೆಟ್ ಜೋಡಿಸುವ ಪ್ಲಾಸ್ಟಿಕ್ ಕ್ರೇಟಿನಲ್ಲಿ 20 ಪೌಂಡಿನ ಸಿಲಿಂಡರ್ ಅಚ್ಚುಕಟ್ಟಾಗಿ ಕೂರುತ್ತದೆ, ಅಲ್ಲಿನವರು ಬಳಸುವುದೂ ಅದನ್ನೇ. ಮುಚ್ಚಿದ ವಾಹನದಲ್ಲಿ ಒಟ್ಟು 90 ಪೌಂಡ್ ಮೀರಬಾರದೆಂದು ಅಲ್ಲಿನ ಅಗ್ನಿಸುರಕ್ಷತಾ ಸಂಹಿತೆ ಹೇಳುತ್ತದೆ, ಅಂದರೆ ಇಂಥ ನಾಲ್ಕು ಸಿಲಿಂಡರು. ಕಿಟಕಿ ಎರಡು ಬೆರಳು ತೆರೆದಿರಲಿ, ಎರಡು ಕಡೆಯದ್ದಾದರೆ ಇನ್ನೂ ಒಳ್ಳೆಯದು. ಮೈನಸ್ 20ರಲ್ಲಿ ಕಿಟಕಿ ತೆರೆ ಎಂದರೆ ಯಾರಿಗೂ ಸಿಟ್ಟು ಬರುತ್ತದೆ, ಹಾಗೆಂದೇ ಬಹಳ ಜನ ತೆರೆಯುವುದಿಲ್ಲ. ಕನಿಷ್ಠ ಹೀಟರು ಹೊರಗಿನ ಗಾಳಿಯನ್ನು ಎಳೆದುಕೊಳ್ಳುವಂತಿರಲಿ, ಒಳಗಿನದನ್ನೇ ಸುತ್ತಿಸುವ ಬಟನ್ ಒತ್ತಿರಬಾರದು. ದಾರಿಯಲ್ಲಿ ಕಾಫಿಗೆಂದು ನಿಲ್ಲಿಸದೆ ಸೀದಾ ಮನೆಗೆ ಬಂದು ಸಿಲಿಂಡರನ್ನು ಹೊರಗಿಳಿಸುವುದು, ರಾತ್ರಿ ಕಾರಿನಲ್ಲೇ ಬಿಟ್ಟು ಕಾರನ್ನು ಬೆಚ್ಚನೆಯ ಗ್ಯಾರೇಜಿಗೆ ಸೇರಿಸದಿರುವುದು, ಇವೆರಡನ್ನು ಪಾಲಿಸಿದರೆ ಮೇಲಿನ ಲೆಕ್ಕಗಳಲ್ಲಿ ಹೆಚ್ಚಿನವು ನಿಮ್ಮ ಪರವಾಗಿ ಕೆಲಸ ಮಾಡುತ್ತವೆ. ಕಾಲವೇ ಇಲ್ಲಿ ಕಾವು.

ವಾಲ್ವಿನ ಬಗ್ಗೆ ಒಂದು ಮಾತು. ಈಗಿನ ಸಿಲಿಂಡರುಗಳ ಬಾಯಲ್ಲಿ ಒಂದು ಸ್ಪ್ರಿಂಗ್ ತಡೆ ಇದೆ, ಪೈಪು ಜೋಡಿಸದ ಹೊರತು ಅನಿಲ ಬರುವುದಿಲ್ಲ. ಇದನ್ನು ನಂಬಿ ಹಿಡಿಯನ್ನು ತಿರುವಿ ಮುಚ್ಚದವರು ಇದ್ದಾರೆ. ಆ ತಡೆಯ ಅಂಚಿನಲ್ಲಿ ಒಂದು ಹರಳು ಮರಳೋ, ಹಿಮದ ಚೂರೋ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಚಳಿಗೆ ರಬ್ಬರು ಬೇರೆ ಗಡುಸಾಗಿ, ಕಚ್ಚಿಕೊಳ್ಳುವ ಗುಣ ಕಳೆದುಕೊಂಡಿರುತ್ತದೆ. ಬಂಕಿನ ಚಳಿಯಲ್ಲಿ 0.7 ಬಾರಿಗೆ ಅದು ಸೋರದಿರಬಹುದು, ಬೆಚ್ಚನೆಯ ಕಾರಿನಲ್ಲಿ ಒತ್ತಡ ಏರಿದ ಮೇಲೆ ಸೋರೀತು. ಅದಕ್ಕೇ ಹಿಡಿ ಬಿಗಿದು, ಬಾಯಿಗೆ ಮುಚ್ಚಳ ಹಾಕಿಯೇ ಹೊರಡಬೇಕು. ಖಾಲಿ ಎನಿಸಿದ್ದಕ್ಕೂ ಅಷ್ಟೆ. ನಿಜವಾಗಿ ಖಾಲಿಯೋ ಎಂಬ ಅನುಮಾನವಿದ್ದರೆ ಕೊರಳಪಟ್ಟಿಯ ಮೇಲೆ ಕೆತ್ತಿದ ಬರಿ ಸಿಲಿಂಡರಿನ ತೂಕ ನೋಡಿ, ತಕ್ಕಡಿಗೆ ಹಾಕಿ ಕಳೆಯಿರಿ. ಬುಸ್ ಎನ್ನುವ ಸದ್ದು ಮೈನಸ್ 30ರಲ್ಲಿ ಸಾಕ್ಷಿಯಾಗಲಾರದು.

ಒಂದು ಪೌಂಡಿನ ಪುಟ್ಟ ಹಸಿರು ಸಿಲಿಂಡರುಗಳದ್ದು ಬೇರೆಯೇ ಕಥೆ. ಒಮ್ಮೆ ಬಳಸಿ ಎಸೆಯಬೇಕಾದವು ಅವು. ಕೆಲವರು ಅದನ್ನು ಫ್ರೀಜರಿನಲ್ಲಿಟ್ಟು ತಣಿಸಿ, ಬೆಚ್ಚಗಿನ ದೊಡ್ಡ ಸಿಲಿಂಡರನ್ನು ತಲೆಕೆಳಗೆ ಹಿಡಿದು ಜೋಡಿಸುತ್ತಾರೆ. ಬಿಸಿ ಕಡೆಯ ಹೆಚ್ಚಿನ ಒತ್ತಡ ದ್ರವವನ್ನು ತಣ್ಣನೆಯ ಕಡೆಗೆ ತಳ್ಳುತ್ತದೆ. ಪಾಠಪುಸ್ತಕದ ಭೌತವಿಜ್ಞಾನ, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ತೇಲಿಲ್ಲ, ತಕ್ಕಡಿಯನ್ನು ಬಳಸುವವರು ವಿರಳ, ಕುಗ್ಗಿದ ದ್ರವ ಕುತ್ತಿಗೆಯವರೆಗೆ ತುಂಬಿಕೊಂಡು ಮನೆಯ ಬಿಸಿಗೆ ಹಿಗ್ಗಲು ಕಾಯುತ್ತದೆ. ಆ ಸಿಲಿಂಡರಿನ ಮೇಲಿನ ಎಚ್ಚರಿಕೆಯನ್ನು ಗಮನವಿಟ್ಟು ಓದಬೇಕು: ಮರುತುಂಬಿಸಿದ್ದನ್ನು ಸಾಗಿಸುವುದನ್ನು ಅಮೆರಿಕದ ಒಕ್ಕೂಟದ ಕಾನೂನು ನಿಷೇಧಿಸಿದೆ ಎಂದಿರುತ್ತದೆ. ಕಾನೂನಿನ ಕಣ್ಣು ತುಂಬಿಸಿದ ಕೈಗಿಂತ ಒಯ್ದ ಗಾಡಿಯ ಮೇಲೆ! ಸಾಗಣೆಯ ವಿಷಯದಲ್ಲಿ ನಮ್ಮ ಕಾನೂನೂ ಕಡಿಮೆಯಿಲ್ಲ. ದ್ವಿಚಕ್ರ ವಾಹನದಲ್ಲಿ ತುಂಬಿದ ಸಿಲಿಂಡರ್ ಒಯ್ಯುವಂತಿಲ್ಲ ಎಂದು ಭಾರತದ ಗ್ಯಾಸ್ ಸಿಲಿಂಡರ್ ನಿಯಮಗಳಲ್ಲಿದೆ. ನಮ್ಮ ಬೀದಿಗಳಲ್ಲಿ ಆ ನಿಯಮ ಎಷ್ಟು ಮಟ್ಟಿಗೆ ಉಸಿರಾಡುತ್ತಿದೆ ಎಂಬುದು ಎಲ್ಲರಿಗೂ ಗೊತ್ತು.

ಮಿನಿಯಾಪೊಲಿಸ್, ಷಿಕಾಗೊ, ಟೊರಾಂಟೊ ಕಡೆ ನೆಲೆಸಿದ ಕನ್ನಡಿಗರ ಮನೆಗಳಿಗೂ ಈ ಸಿಲಿಂಡರ್ ಬಂದು ಸೇರಿದೆ. ಗ್ರಿಲ್ ಒಂದಕ್ಕೇ ಅಲ್ಲ. ಒಗ್ಗರಣೆಯ ಘಾಟು, ಕರಿದ ಎಣ್ಣೆಯ ಹೊಗೆ ಮನೆಯೊಳಗಿನ ಅಲಾರಂ ಕೂಗಿಸುತ್ತದೆಂದು ಹಬ್ಬದ ಅಡುಗೆಯನ್ನು ಹೊರಗೆ ದೊಡ್ಡ ಬರ್ನರಿನ ಮೇಲೆ ಇಡುವುದುಂಟು. ಸಂಕ್ರಾಂತಿಗೆ ಅಲ್ಲಿ ಕೊರೆಯುವ ಚಳಿ, ಯುಗಾದಿಯ ಹೊತ್ತಿಗೂ ಹಿಮ ಪೂರ್ತಿ ಕರಗಿರುವುದಿಲ್ಲ. ಚಳಿಗೆ ಹೆದರಿ ಬರ್ನರನ್ನು ಗ್ಯಾರೇಜಿನೊಳಗೆ ಎಳೆದುಕೊಂಡು ಬಾಗಿಲು ಅರ್ಧ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಇನ್ನೊಂದು ವಾಸನೆಯಿಲ್ಲದ ಅನಿಲವೂ ಲೆಕ್ಕಕ್ಕೆ ಸೇರುತ್ತದೆ. ಸಿಲಿಂಡರ್ ಮಂಕಾಯಿತೆಂದು ಅದಕ್ಕೆ ಹೀಟರ್ ಹಿಡಿಯುವುದು, ಕುದಿಯುವ ನೀರು ಸುರಿಯುವುದು ಎರಡೂ ಬೇಡ. ಹಿಮದಲ್ಲಿ ಹುಗಿದಿದ್ದರೆ ಅದನ್ನು ಬಿಡಿಸಿ ಗಾಳಿಗೆ ಇಡುವುದು ಮೇಲು. ಮೈನಸ್ 20ರ ಗಾಳಿಯೂ ಪ್ರೊಪೇನಿನ ಪಾಲಿಗೆ ಬಿಸಿಗಾಳಿಯೇ, ಅದರ ಕುದಿಬಿಂದುವಿಗಿಂತ 22 ಡಿಗ್ರಿ ಮೇಲೆ. ಹಿಮ ಆ ಶಾಖವನ್ನು ತಡೆಯುತ್ತದೆ, ಸೋರಿದ್ದನ್ನು ತನ್ನ ಕೆಳಗೆ ಬಚ್ಚಿಡುತ್ತದೆ ಕೂಡ.

ಸೋರಿಕೆ ಪರೀಕ್ಷಿಸಲು ಸಾಬೂನು ನೀರಿಗಿಂತ ಅಗ್ಗದ ಉಪಾಯವಿಲ್ಲ, ಆದರೆ ಮೈನಸ್ 20ರಲ್ಲಿ ಸಾಬೂನು ನೀರು ಹಚ್ಚಿದ ಕೂಡಲೇ ಮಂಜುಗಡ್ಡೆಯಾಗಿ, ಸೋರುತ್ತಿದ್ದ ಸಂದನ್ನೂ ತಾತ್ಕಾಲಿಕವಾಗಿ ಮುಚ್ಚಿಬಿಡುತ್ತದೆ. ಅದಕ್ಕೇ ಅಲ್ಲಿನ ಅಂಗಡಿಗಳಲ್ಲಿ ಗ್ಲೈಕಾಲ್ ಬೆರೆಸಿದ, ಹೆಪ್ಪುಗಟ್ಟದ ಪರೀಕ್ಷಾ ದ್ರವ ಸಿಗುತ್ತದೆ. ಅದರಲ್ಲಿ ಗುಳ್ಳೆ ಕಾಣದಿದ್ದರೆ ಆ ಹೊತ್ತಿನ ಒತ್ತಡಕ್ಕೆ ಸೋರುತ್ತಿಲ್ಲ ಎಂದಷ್ಟೇ ಅರ್ಥ. ಜನವರಿಯಲ್ಲಿ ತಂದು ಜೋಡಿಸಿದ ಸಿಲಿಂಡರಿಗೆ ಇನ್ನೊಂದು ಪರೀಕ್ಷೆಯನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಬೇಕು, ಗಾಳಿ 20 ಡಿಗ್ರಿ ದಾಟಿ ಒತ್ತಡ ಹಲವು ಪಟ್ಟಾದ ಮೇಲೆ.